ಪಿಕಳಾರದ ಮರಿ ಗೂಡಿನಿಂದ ಬಿದ್ದಿದೆ, ಹಾಲು ಎಷ್ಟು ಹನಿ ಹಾಕಲಿ?

ಮಲ್ಲಿಗೆಚಪ್ಪರ, ಮೈಸೂರು | ಭಾನುವಾರ ಬೆಳಿಗ್ಗೆ 7:42

ನಿನ್ನೆ ರಾತ್ರಿ ಇಲ್ಲಿ ಗಾಳಿ ಸಮೇತ ಮಳೆ. ಬೆಳಿಗ್ಗೆ ರಂಗೋಲಿ ಹಾಕೋಣ ಅಂತ ಬಾಗಿಲು ತೆಗೆದರೆ ಮಲ್ಲಿಗೆ ಚಪ್ಪರದ ಕೆಳಗೆ ಒಂದು ಹಕ್ಕಿಮರಿ. ಒದ್ದೆ ಮುದ್ದೆಯಾಗಿ ಸಿಮೆಂಟಿಗೆ ಅಂಟಿಕೊಂಡ ಹಾಗೆ ಬಿದ್ದಿತ್ತು. ಸತ್ತೇ ಹೋಗಿದೆ ಅಂದುಕೊಂಡೆ. ಬಗ್ಗಿ ನೋಡಿದರೆ ಬಾಯಿ ತೆರೆಯಿತು.

ಚಪ್ಪರದಲ್ಲಿ ಪಿಕಳಾರ ಗೂಡು ಕಟ್ಟಿದ್ದು ಗೊತ್ತಿತ್ತು. ತಲೆ ಮೇಲೆ ಕಪ್ಪು ಜುಟ್ಟು, ಕೆನ್ನೆಯಲ್ಲಿ ಕೆಂಪು ಚುಕ್ಕೆ ಇರುತ್ತಲ್ಲ, ಅದು. ಅದಕ್ಕೇ ಮೂರು ವಾರದಿಂದ ನಮ್ಮತ್ತೆ ಆ ಕಡೆಯ ಮೊಗ್ಗು ಬಿಡಿಸುವುದನ್ನೇ ನಿಲ್ಲಿಸಿದ್ದಾರೆ.

ಸದ್ಯಕ್ಕೆ ಮಗನ ಶೂ ಡಬ್ಬದಲ್ಲಿ ಹತ್ತಿ ಹಾಸಿ ಇಟ್ಟಿದ್ದೇನೆ. ಅತ್ತೆ ಹಾಲು ಕೊಡು ಅಂತಿದ್ದಾರೆ. ಮಗನ ಔಷಧಿಯ ಫಿಲ್ಲರ್ ಇದೆ. ಎಷ್ಟು ಹನಿ ಹಾಕಲಿ? ಇನ್ನೊಂದು ವಿಷಯ, ಕೈಯಲ್ಲಿ ಮುಟ್ಟಿಬಿಟ್ಟಿದ್ದೇನೆ. ಇನ್ನು ತಾಯಿ ಸೇರಿಸುವುದಿಲ್ಲ ಅಂತಾರಲ್ಲ, ನಿಜವಾ?

ಕುಕ್ಕರಹಳ್ಳಿ ಏರಿ, ಮೈಸೂರು | 7:49

ಹಾಲು ಬೇಡ. ನೀರೂ ಬೇಡ. ಫಿಲ್ಲರ್ ಒಳಗಿಡಿ.

ಮೊದಲು ಇಷ್ಟು ಹೇಳಿ. ಕಣ್ಣು ಬಿಟ್ಟಿದೆಯಾ? ಮೈ ತುಂಬ ಪುಕ್ಕ ಇದೆಯಾ, ಚರ್ಮ ಕಾಣುತ್ತಾ? ಬಾಲ ಎಷ್ಟುದ್ದ? ಬೆರಳು ಕೊಟ್ಟರೆ ಹಿಡಿದು ಕೂರುತ್ತಾ? ಅಕ್ಕಪಕ್ಕ ಬೆಕ್ಕು ಓಡಾಡುತ್ತಾ?

ಅಜ್ಜಿಮನೆ | 7:55

ಮುಟ್ಟಬಾರದಿತ್ತು ಕಣಮ್ಮ. ಮನುಷ್ಯರ ವಾಸನೆ ಹತ್ತಿದರೆ ತಾಯಿ ಹತ್ತಿರ ಸೇರಿಸಲ್ಲ, ಕುಕ್ಕಿ ಸಾಯಿಸುತ್ತೆ. ಹೇಳಿದ್ದು ಕೇಳಿ ಬರೀತಿಲ್ಲ, ನಾನೇ ನೋಡಿದ್ದೇನೆ. ನಮ್ಮ ಹಳೇ ಮನೆಯಲ್ಲಿ ಫೋಟೋ ಹಿಂದೆ ಗುಬ್ಬಿ ಗೂಡು ಇತ್ತು. ಬಿದ್ದ ಮರಿಯನ್ನು ನಮ್ಮಣ್ಣ ಎತ್ತಿ ಒಳಗಿಟ್ಟ. ಮಾರನೇ ದಿನ ದೊಡ್ಡ ಗುಬ್ಬಿಯೇ ಅದನ್ನ ಕುಕ್ಕಿ ಕುಕ್ಕಿ ಕೆಳಗೆ ಹಾಕಿತು.

ಮಲ್ಲಿಗೆಚಪ್ಪರ | 8:01

ಕಣ್ಣು ಬಿಟ್ಟಿದೆ. ಬೆನ್ನ ಮೇಲೆ ಕಂದು ಪುಕ್ಕ ಇದೆ. ರೆಕ್ಕೆಯಲ್ಲಿ ಬರೀ ಕಡ್ಡಿ ಕಡ್ಡಿ, ನೀಲಿ ಬಣ್ಣದ ಕಡ್ಡಿಯ ತುದಿಯಲ್ಲಿ ಕುಂಚದ ಹಾಗೆ ಸ್ವಲ್ಪ ಪುಕ್ಕ. ಹೊಟ್ಟೆ ಬೋಳು. ಬಾಲ ಇಲ್ಲ ಅಂತಲೇ ಹೇಳಬಹುದು. ಬೆರಳು ಹಿಡಿಯಲಿಲ್ಲ, ವಾಲಿಬಿಟ್ಟಿತು. ಮೈ ತಣ್ಣಗಿದೆ. ಬೆಕ್ಕು ಪಕ್ಕದ ಮನೆಯಲ್ಲಿ ಎರಡಿವೆ.

ಕುಕ್ಕರಹಳ್ಳಿ ಏರಿ | 8:09

ಹಾಗಾದರೆ ಇದು ಇನ್ನೂ ಗೂಡಿನ ಮರಿ. ತಾನಾಗಿ ಹೊರಗೆ ಬಂದದ್ದಲ್ಲ, ಗಾಳಿಗೆ ಬಿದ್ದದ್ದು. ವಾಪಸ್ ಗೂಡಿಗೇ ಹೋಗಬೇಕು. ಆದರೆ ಈ ತಣ್ಣಗಿರುವ ಸ್ಥಿತಿಯಲ್ಲಿ ಅಲ್ಲ. ಒಬ್ಬರು ಡಾಕ್ಟ್ರು ಇಲ್ಲಿದ್ದಾರೆ, ಅವರನ್ನು ಕರೆದಿದ್ದೇನೆ.

ಅಜ್ಜಿಮನೆಯವರೇ, ನೀವು ನೋಡಿದ್ದು ಸುಳ್ಳಲ್ಲ. ಗುಬ್ಬಿಗಳಲ್ಲಿ ಗೂಡಿಗಾಗಿ ಜಗಳ ಜಾಸ್ತಿ. ಬೇರೆ ಗುಬ್ಬಿ ಬಂದು ಗೂಡು ಹಿಡಿಯೋಕೆ ಅಲ್ಲಿದ್ದ ಮರಿಗಳನ್ನು ಕುಕ್ಕಿ ಹೊರಗೆ ಹಾಕುವುದುಂಟು. ಅದು ಅಪ್ಪ ಅಮ್ಮನೇ ಆಗಿತ್ತು ಅಂತ ನಮಗೆ ಹೇಗೆ ಗೊತ್ತು, ಗುಬ್ಬಿಗಳು ನೋಡೋಕೆ ಒಂದೇ ಥರ ಅಲ್ವಾ? ವಾಸನೆ ಹತ್ತಿತು ಅಂತ ಮಾತ್ರ ಯಾವ ಹಕ್ಕಿಯೂ ತಾನು ಸಾಕುತ್ತಿರುವ ಮರಿಯನ್ನು ಬಿಡುವುದಿಲ್ಲ. ಆದರೆ ಗೂಡಿಗೆ ಪದೇ ಪದೇ ಇಣುಕುತ್ತಿದ್ದರೆ, ಅದರಲ್ಲೂ ಮೊಟ್ಟೆ ಇರುವಾಗ, ಬಿಟ್ಟುಹೋಗುವುದುಂಟು. ಹಿರಿಯರು "ಮುಟ್ಟಬೇಡ" ಅಂದದ್ದು ಮಕ್ಕಳನ್ನು ದೂರ ಇಡೋಕೆ ಇರಬೇಕು. ಆ ಮಟ್ಟಿಗೆ ಒಳ್ಳೇದೇ ಆಯಿತು.

ದನದ ಡಾಕ್ಟ್ರು, ಹಾಸನ | 8:14

ನಾನು ದನ ಎಮ್ಮೆ ನೋಡುವವನು, ಹಕ್ಕಿ ತಜ್ಞ ಅಲ್ಲ. ಆದರೂ ಮಳೆಗಾಲದ ಹೊತ್ತಿಗೆ ವರ್ಷಕ್ಕೆ ಐದಾರು ಜನ ಹೀಗೆ ಡಬ್ಬ ಹಿಡಿದುಕೊಂಡು ಬರುತ್ತಾರೆ. ಹಾಗಾಗಿ ಹೇಳುತ್ತೇನೆ.

ಮೊದಲ ಕೆಲಸ ಕಾವು. ಹೊಟ್ಟೆಗೆ ಆಮೇಲೆ. ತಣ್ಣಗಿರುವ ಮರಿಗೆ ಏನು ಕೊಟ್ಟರೂ ಅರಗುವುದಿಲ್ಲ, ಒಳಗೇ ಕೂತು ಕೊಳೆಯುತ್ತದೆ. ಸ್ನಾನದ ನೀರಿನಷ್ಟು ಬಿಸಿ ಇರುವ ನೀರನ್ನು ಒಂದು ಬಾಟಲಿಗೆ ಹಾಕಿ, ಹಳೇ ಬನಿಯನ್ ಸುತ್ತಿ, ಡಬ್ಬದ ಒಂದು ಬದಿಗೆ ಇಡಿ. ಪೂರ್ತಿ ಡಬ್ಬಕ್ಕೆ ಅಲ್ಲ, ಸೆಕೆ ಆದರೆ ಅದು ಆ ಕಡೆ ಸರಿಯೋಕೆ ಜಾಗ ಬೇಕು. ಹತ್ತಿ ತೆಗೆದುಬಿಡಿ, ಅದರ ಎಳೆ ಉಗುರಿಗೆ ಸುತ್ತಿಕೊಳ್ಳುತ್ತದೆ. ಹತ್ತಿ ಬಟ್ಟೆಯ ಚೂರು ಸಾಕು. ಮುಚ್ಚಳ ಹಾಕಿ, ನಾಲ್ಕು ತೂತು ಮಾಡಿ, ಕತ್ತಲೆ ಇರಲಿ. ಮಗ ಐದು ನಿಮಿಷಕ್ಕೊಮ್ಮೆ ತೆಗೆದು ನೋಡಬಾರದು. ಅದೇ ಕಷ್ಟ, ಗೊತ್ತು.

ಹಾಲು ಯಾಕೆ ಬೇಡ ಅಂದರೆ, ಹಾಲು ಕುಡಿದು ಬೆಳೆಯುವುದು ಕರು, ಕುರಿಮರಿ, ಮಗು. ಹಕ್ಕಿಯ ಹೊಟ್ಟೆಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಭೇದಿ ಹತ್ತಿಕೊಂಡು ಇದ್ದ ನೀರೂ ಹೋಗುತ್ತದೆ. ನೀರು ಯಾಕೆ ಬೇಡ ಅಂದರೆ, ಹಕ್ಕಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ. ನಮಗೆ ನುಂಗುವಾಗ ಅದನ್ನು ಮುಚ್ಚಲು ಒಂದು ಮುಚ್ಚಳ ಇದೆ, ಅದಕ್ಕಿಲ್ಲ. ಮೇಲಿಂದ ಸುರಿದ ಹನಿ ಸೀದಾ ಪುಪ್ಪುಸಕ್ಕೆ. ಗೂಡಿನಲ್ಲಿ ತಾಯಿ ಅದಕ್ಕೆ ನೀರು ಕುಡಿಸುವುದೂ ಇಲ್ಲ, ಹುಳದ ರಸದಲ್ಲೇ ಬೇಕಾದಷ್ಟು ಸಿಗುತ್ತದೆ.

ಮೈ ತಿರುಗಿಸಿ ನೋಡಿ. ರಕ್ತ ಇದ್ದರೆ, ಒಂದು ರೆಕ್ಕೆ ಜೋತು ಬಿದ್ದಿದ್ದರೆ, ಬೆಕ್ಕು ಕಚ್ಚಿದ ಅನುಮಾನ ಇದ್ದರೆ ಗೂಡಿನ ಮಾತೇ ಬೇಡ, ಆಸ್ಪತ್ರೆ. ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಗೆ ವಿಷವಿದ್ದ ಹಾಗೆ. ಹಲ್ಲಿನ ಗುರುತು ಪುಕ್ಕದ ಅಡಿ ಕಾಣುವುದೂ ಇಲ್ಲ. ಆಂಟಿಬಯಾಟಿಕ್ ಬೀಳದಿದ್ದರೆ ಎರಡು ಮೂರು ದಿನದಲ್ಲಿ ಹೋಗುತ್ತದೆ.

ಬನಶಂಕರಿ 3ನೇ ಮಹಡಿ, ಬೆಂಗಳೂರು | 8:31

ಫಿಲ್ಲರ್ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ.

ನಾನು ಆರನೇ ಕ್ಲಾಸಲ್ಲಿದ್ದಾಗ ಶಾಲೆಯ ಹೆಂಚಿನ ಸಂದಿಯಿಂದ ಗುಬ್ಬಿಮರಿ ಬಿದ್ದಿತ್ತು. ಮೂರು ಜನ ಸೇರಿ ಕಂಪಾಸ್ ಬಾಕ್ಸಲ್ಲಿ ಇಟ್ಟುಕೊಂಡೆವು. ಸುಮ್ನೆ ಬಾಯಿ ತೆರೀತಿತ್ತು. ಬಾಯಾರಿಕೆ ಅಂದುಕೊಂಡು ಇಂಕ್ ಫಿಲ್ಲರ್ ತೊಳೆದು ನೀರು ಹಾಕಿದೆ. ಎರಡನೇ ಹನಿಗೆ ಕತ್ತು ಹಿಂದಕ್ಕೆ ಎಳೆಯಿತು. ಮೂಗಿನ ತೂತಲ್ಲಿ ಒಂದು ಗುಳ್ಳೆ ಬಂತು, ಸಾಸಿವೆಯಷ್ಟು. ಒಡೆಯಿತು. ಇನ್ನೊಂದು ಬಂತು. ಅಷ್ಟೇ. ಮೇಷ್ಟ್ರು ಕೇಳಿದಾಗ ಕಾಗೆ ಕುಕ್ಕಿತು ಅಂತ ಹೇಳಿದೆವು.

ಡಾಕ್ಟ್ರು ಬರೆದದ್ದು ಓದುವವರೆಗೂ ಅದು ಹಸಿವಿನಿಂದ ಸತ್ತಿತು ಅಂತಲೇ ನಾನು ನಂಬಿದ್ದೆ.

ಮಲ್ಲಿಗೆಚಪ್ಪರ | 8:52

ರಕ್ತ ಇಲ್ಲ, ರೆಕ್ಕೆ ಎರಡೂ ಒಂದೇ ಸಮ. ಬಾಟಲಿ ಇಟ್ಟ ಇಪ್ಪತ್ತು ನಿಮಿಷಕ್ಕೆ ಚೀಂ ಚೀಂ ಶುರುವಾಯಿತು. ಈಗ ಮುಚ್ಚಳಕ್ಕೆ ಬೆರಳು ತಾಗಿದರೂ ಕತ್ತು ಚಾಚಿ ಬಾಯಿ ತೆರೆಯುತ್ತೆ. ಬಾಯಿ ಮುಖಕ್ಕಿಂತ ದೊಡ್ಡದು!

ಒಂದು ವಿಚಿತ್ರ. ಹಿಂದಿನಿಂದ ಬಿಳಿ ಮುತ್ತಿನ ಥರ ಏನೋ ಬಂತು. ಸುತ್ತ ಪೊರೆ ಇದೆ, ಕಡ್ಡಿಯಲ್ಲಿ ಎತ್ತಿದರೆ ಒಡೆಯದೆ ಹಾಗೇ ಬಂತು. ಮೊಟ್ಟೆನಾ ಅಂತ ಮಗ ಕೇಳಿದ.

ಕುಕ್ಕರಹಳ್ಳಿ ಏರಿ | 8:55

ನಿಮ್ಮ ಮಗನಿಗೆ ಹೇಳಿ, ಅದು ಹಕ್ಕಿಮರಿಯ ಡೈಪರ್. ಹಿಕ್ಕೆ ಪೊರೆಯಲ್ಲಿ ಸುತ್ತಿಕೊಂಡೇ ಬರುತ್ತೆ, ತಾಯಿ ಕೊಕ್ಕಲ್ಲಿ ಎತ್ತಿ ದೂರ ಹಾಕಿ ಬರುತ್ತೆ. ಹಾಗಾಗಿಯೇ ಗೂಡು ಚೊಕ್ಕಟ. ಮುದ್ದೆಯಾಗಿ ಬಂತು ಅಂದರೆ ಹೊಟ್ಟೆ ಸರಿಯಾಗಿದೆ ಅಂತ.

ಈಗ ಗೂಡಿನ ಸ್ಥಿತಿ ಹೇಗಿದೆ? ಸ್ಟೂಲ್ ಹಾಕಿ ಫೋನ್ ಕ್ಯಾಮೆರಾ ಮೇಲೆ ಹಿಡಿದು ಒಂದೇ ಒಂದು ಫೋಟೋ ತೆಗೆಯಿರಿ.

ಮಲ್ಲಿಗೆಚಪ್ಪರ | 9:03

ಗೂಡು ಒಂದು ಕಡೆ ಜರುಗಿ ವಾಲಿದೆ. ಇನ್ನೊಂದು ಮರಿ ಅಂಚಿನಲ್ಲಿ ಹೇಗೋ ಹಿಡಿದುಕೊಂಡಿದೆ. ಇದನ್ನೂ ಅಲ್ಲೇ ಇಟ್ಟರೆ ಎರಡೂ ಬೀಳೋದು ಗ್ಯಾರಂಟಿ.

ತೀರ್ಥಹಳ್ಳಿ ತೋಟ | 9:10

ನಮ್ಮಲ್ಲಾದರೆ ಅಡಿಕೆ ಹಾಳೆಯಲ್ಲಿ ಕೊಟ್ಟೆ ಮಾಡಿ ಕಟ್ಟುತ್ತೇವೆ. ನಿಮಗೆ ಮೈಸೂರಲ್ಲಿ ತೆಂಗಿನ ಕರಟ ಸಿಗುತ್ತಲ್ಲ? ಮೂರು ಕಣ್ಣಿರುವ ಕಡೆಯ ಅರ್ಧ ಭಾಗ ತಗೊಳ್ಳಿ. ಆ ಮೂರರಲ್ಲಿ ಒಂದು ಕಣ್ಣು ಮೆತ್ತಗಿರುತ್ತೆ. ಮೊಳೆಯಲ್ಲಿ ಚುಚ್ಚಿದರೆ ತೂತಾಗುತ್ತೆ, ಮಳೆ ನೀರು ಇಳಿದು ಹೋಗೋಕೆ ಅದೇ ದಾರಿ. ಅಂಚಿನಲ್ಲಿ ಎರಡು ಕಡೆ ತೂತು ಮಾಡಿ ವೈರ್ ಪೋಣಿಸಿ. ಒಳಗೆ ಬರೀ ಕರಟ ಬೇಡ, ಜಾರುತ್ತೆ, ಮರಿಯ ಕಾಲು ಎರಡು ಕಡೆ ಸೀಳಿ ಸೊಟ್ಟ ಆಗುತ್ತೆ. ಹಳೇ ಗೂಡನ್ನೇ ಹಾಗೇ ಎತ್ತಿ ಒಳಗೆ ಕೂರಿಸಿ. ಸಡಿಲ ಇದ್ದರೆ ತೆಂಗಿನ ನಾರು ತುರುಕಿ.

ಕಟ್ಟುವ ಮೊದಲು ಬಳ್ಳಿಯಲ್ಲಿ ಇರುವೆ ಸಾಲು ಇದೆಯಾ ನೋಡಿ. ನಮ್ಮ ಕಡೆ ಮರಿಗಳನ್ನು ಬೆಕ್ಕಿಗಿಂತ ಜಾಸ್ತಿ ತಿನ್ನೋದು ಚಗಳಿ, ಅಂದರೆ ಮರದ ಕೆಂಪಿರುವೆ. ಕೆಳಗೆ ಬಿದ್ದ ಮರಿಯಾದರೆ ಕಣ್ಣಿನ ಸುತ್ತ, ರೆಕ್ಕೆ ಸಂದಿ ನೋಡಿ, ಕಚ್ಚಿಕೊಂಡಿದ್ದರೆ ಒಂದೊಂದೇ ತೆಗೆಯಬೇಕು.

ಕುಕ್ಕರಹಳ್ಳಿ ಏರಿ | 9:14

ಕರಟದ ಐಡಿಯಾ ಚೆನ್ನಾಗಿದೆ, ನಾನು ಐಸ್‌ಕ್ರೀಂ ಡಬ್ಬ ಅಂತ ಬರೆಯೋಕೆ ಹೊರಟಿದ್ದೆ. ಇದ್ದ ಜಾಗದಲ್ಲೇ ಕಟ್ಟಿ, ಹೆಚ್ಚೆಂದರೆ ಒಂದು ಮೊಳ ಆಚೀಚೆ. ನೆರಳು ಇರಲಿ. ಇಬ್ಬರನ್ನೂ ಒಟ್ಟಿಗೆ ಇಡಿ. ಆಮೇಲೆ ಒಳಗೆ ಹೋಗಿ ಕಿಟಕಿಯಿಂದ ನೋಡಿ. ಎರಡು ಗಂಟೆ ಯಾರೂ ಬರದಿದ್ದರೆ ಆಗ ಮುಂದಿನ ಮಾತು.

ಹುಬ್ಬಳ್ಳಿ ಸಂತಿ | 9:20

ಇಷ್ಟೆಲ್ಲ ಯಾಕ್ರೀ, ಮನಿಯಾಗ ಸಾಕಿಬಿಡ್ರಿ! ನಮ್ಮ ಕಾಕಾ ಗಿಳಿಮರಿ ಸಾಕಿದ್ರು, ಹನ್ನೆರಡು ವರ್ಷ ಇತ್ತು. ಮೆಣಸಿನಕಾಯಿ ತಿಂದು ಹೆಸರು ಹಿಡಿದು ಕರೀತಿತ್ತು.

ದನದ ಡಾಕ್ಟ್ರು | 9:33

ಕಾಕಾ ಅವರ ಕಾಲ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡು ಹಕ್ಕಿಗಳನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. ಗಿಳಿ, ಗೊರವಂಕ, ಪಿಕಳಾರ ಯಾವುದೂ ಇಲ್ಲ. ಕಾಗೆಯನ್ನು ಮೊದಲು ಪೀಡೆ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿದ್ದರು, 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ಗಾಯವಾದ ಹಕ್ಕಿ ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೆಂಗಳೂರಿನವರಿಗೆ ಕೆಂಗೇರಿ ಹತ್ತಿರ ಪೀಪಲ್ ಫಾರ್ ಅನಿಮಲ್ಸ್ ಅವರ ವನ್ಯಜೀವಿ ಆಸ್ಪತ್ರೆ ಇದೆ.

ಕಾನೂನು ಒಂದು ಕಡೆ ಇರಲಿ. ಈ ವಯಸ್ಸಿನ ಮರಿಗೆ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಅರ್ಧ ಗಂಟೆಗೊಮ್ಮೆ ತುತ್ತು ಬೇಕು. ಯಾರು ಕೂರುತ್ತಾರೆ? ನನ್ನ ಹತ್ತಿರ ತಂದವರೆಲ್ಲ ಮೊದಲ ದಿನ ಉತ್ಸಾಹದಲ್ಲಿ ಇರುತ್ತಾರೆ, ಮೂರನೇ ದಿನಕ್ಕೆ "ಸರ್, ನೀವೇ ಇಟ್ಟುಕೊಳ್ಳಿ."

ಕಾಪು ಬೀಚ್ ರೋಡ್ | 9:41

ಒಂದು ತಮಾಷೆ ಹೇಳುತ್ತೇನೆ. ಹೋದ ವರ್ಷ ನಮ್ಮ ಮನೆ ಎದುರು ಕಾಗೆಮರಿ ಬಿದ್ದಿತ್ತು. ಗೇಟಿನ ಒಳಗೆ ಬಿಡೋಣ ಅಂತ ಹತ್ತಿರ ಹೋದೆ. ಎರಡು ದೊಡ್ಡ ಕಾಗೆ ನೆತ್ತಿ ಮೇಲೆ ಎರಗಿದವು. ಹೆಲ್ಮೆಟ್ ಹಾಕಿಕೊಂಡು ಹೋದೆ, ಹೆಲ್ಮೆಟ್ಟಿಗೂ ಬಾರಿಸಿದವು. ಕೊಡೆ ಹಿಡಿದು ಹೋದಾಗ ಮರಿ ತಾನೇ ಕುಪ್ಪಳಿಸಿ ಒಳಗೆ ಹೋಯಿತು. ನಂತರ ಒಂದು ವಾರ ನಾನು ಪೇಪರ್ ತರೋಕೆ ಹೊರಗೆ ಬಂದರೂ ಬೈಯುತ್ತಿದ್ದವು. ನನ್ನ ಹೆಂಡತಿಗೆ ಏನೂ ಮಾಡುತ್ತಿರಲಿಲ್ಲ, ನನ್ನ ಮುಖವೇ ಗುರುತು.

ಇನ್ನೊಂದು ಸಲ ಅದೇ ಮರದಲ್ಲಿ ಮೈತುಂಬ ಬಿಳಿ ಚುಕ್ಕೆ ಇದ್ದ ಮರಿಗೆ ಕಾಗೆ ತುತ್ತು ಕೊಡುತ್ತಿತ್ತು. ಕೋಗಿಲೆ ಮರಿ! ಯಾರ ಮರಿಯೋ, ಯಾರ ಕಷ್ಟವೋ.

ಮಲ್ಲಿಗೆಚಪ್ಪರ | 10:21

ಕರಟ ಕಟ್ಟಿ 40 ನಿಮಿಷ ಆಯಿತು. ಒಂದು ಹಕ್ಕಿಯೂ ಬಂದಿಲ್ಲ. ಎರಡು ಮರಿಯೂ ಕೂಗುತ್ತಿವೆ. ನನಗೆ ಅಳು ಬರ್ತಿದೆ. ಹುಳ ಹುಡುಕಿ ಕೊಡಲಾ?

ಕುಕ್ಕರಹಳ್ಳಿ ಏರಿ | 10:23

ನೀವು ಎಲ್ಲಿ ನಿಂತಿದ್ದೀರಿ?

ಮಲ್ಲಿಗೆಚಪ್ಪರ | 10:24

ಬಾಗಿಲಲ್ಲಿ. ಬೆಕ್ಕು ಬರುತ್ತೇನೋ ಅಂತ ಕಾಯ್ತಿದ್ದೇನೆ. ಅತ್ತೆ, ಮಗ, ಪಕ್ಕದ ಮನೆ ಆಂಟಿ ಎಲ್ಲರೂ ಇದ್ದೇವೆ.

ಕುಕ್ಕರಹಳ್ಳಿ ಏರಿ | 10:25

ಎಲ್ಲರೂ ಒಳಗೆ ಹೋಗಿ. ಬಾಗಿಲು ಹಾಕಿ, ಪರದೆ ಎಳೆಯಿರಿ. ಬೆಕ್ಕು ಆಂಟಿಯದ್ದಾದರೆ ಅದನ್ನು ಅವರ ಮನೆಯಲ್ಲೇ ಕೂಡಿಹಾಕಲಿ. ಎದುರಿನ ವೈರ್ ಮೇಲೆ ಎಲ್ಲೋ ಕೂತು ನಿಮ್ಮ ಜಾತ್ರೆ ಯಾವಾಗ ಮುಗಿಯುತ್ತೆ ಅಂತ ಅವು ಕಾಯುತ್ತಿರುತ್ತವೆ.

ಮಲ್ಲಿಗೆಚಪ್ಪರ | 10:47

ಬಂತು!!!

ಕಿಟಕಿಯ ಸಂದಿಯಿಂದ ನೋಡಿದೆ. ಮೊದಲು ಬಟ್ಟೆ ಒಣಹಾಕುವ ತಂತಿ ಮೇಲೆ ಕೂತಿತು. ಬಾಯಲ್ಲಿ ಹಸಿರು ಹುಳ, ಇನ್ನೂ ನುಲಿಯುತ್ತಿತ್ತು. ಕರಟವನ್ನು ಈ ಕಡೆಯಿಂದ ನೋಡಿತು, ಆ ಕಡೆಯಿಂದ ನೋಡಿತು. ಹಾರಿಹೋಯಿತು. ನನ್ನ ಎದೆ ಧಸಕ್ಕೆಂದಿತು. ಮತ್ತೆ ಅದೇ ಹುಳ ಹಿಡಿದುಕೊಂಡು ಬಂತು, ಈ ಸಲ ಸೀದಾ ಕರಟದ ಅಂಚಿಗೆ. ಎರಡು ಬಾಯಿ ಒಟ್ಟಿಗೆ ಎದ್ದವು. ಯಾವುದಕ್ಕೆ ಕೊಟ್ಟಿತೋ ಗೊತ್ತಾಗಲಿಲ್ಲ. ಹೋಗುವಾಗ ಆ ಬಿಳಿ ಮುತ್ತು ಕಚ್ಚಿಕೊಂಡು ಹೋಯಿತು! ಎರಡೇ ನಿಮಿಷಕ್ಕೆ ಜೋಡಿಯೂ ಬಂತು.

ಅತ್ತೆ ಕಾಫಿ ಮಾಡ್ತೀನಿ ಅಂತ ಒಳಗೆ ಹೋಗಿ ಸೆರಗಲ್ಲಿ ಕಣ್ಣು ಒರೆಸಿಕೊಂಡರು.

ಅಜ್ಜಿಮನೆ | 10:58

ಸರಿ ಬಿಡಿ, ನಾನು ಸೋತೆ. ಫೋಟೋ ಹಾಕಿ.

ಕುಕ್ಕರಹಳ್ಳಿ ಏರಿ | 11:15

ಫೋಟೋ ಬೇಡ, ಇನ್ನು ಆ ಕಡೆ ಹೋಗುವುದೇ ಬೇಡ. ಒಂದು ವಿಷಯ ಈಗಲೇ ಹೇಳಿಡುತ್ತೇನೆ. ಪಿಕಳಾರದ ಮರಿ ಮೊಟ್ಟೆಯೊಡೆದ ಸುಮಾರು 12 ದಿನಕ್ಕೆ ಗೂಡು ಬಿಡುತ್ತೆ, ಸರಿಯಾಗಿ ಹಾರೋಕೆ ಬರುವ ಮೊದಲೇ. ನಿಮ್ಮದಕ್ಕೆ ಏಳೆಂಟು ದಿನ ಆಗಿರಬೇಕು. ಅಂದರೆ ಈ ವಾರದೊಳಗೆ ಇದೇ ಮರಿ ಮತ್ತೆ ನೆಲದ ಮೇಲೆ ಸಿಗುತ್ತೆ. ಆಗ ಎತ್ತಬೇಡಿ.

ಜನ "ಬಿದ್ದ ಮರಿ" ಅಂತ ಎತ್ತಿಕೊಂಡು ಬರುವುದರಲ್ಲಿ ಜಾಸ್ತಿ ಇಂಥವೇ. ಮೈ ತುಂಬ ಪುಕ್ಕ, ಮೋಟು ಬಾಲ, ಬಾಯಂಚಿನಲ್ಲಿ ಹಳದಿ, ಮುಖದಲ್ಲಿ ಮುದುಕರ ಸಿಡುಕು. ಗಿಡದ ಬುಡದಲ್ಲಿ ಪೆದ್ದು ಪೆದ್ದಾಗಿ ಕೂತಿರುತ್ತೆ. ಅಪ್ಪ ಅಮ್ಮ ಅಲ್ಲೇ ನೆಲಕ್ಕೇ ಬಂದು ತಿನ್ನಿಸುತ್ತವೆ. ಮನೆಗೆ ತಂದರೆ ನಾವು ಅದನ್ನು ಕದ್ದ ಹಾಗೆ.

ಬನಶಂಕರಿ 3ನೇ ಮಹಡಿ | 11:32

ಎಲ್ಲ ಹಕ್ಕಿಗೂ ಇದು ಅನ್ವಯಿಸಲ್ಲ ಅಲ್ವಾ ಸರ್? ನಮ್ಮ ಅಪಾರ್ಟ್‌ಮೆಂಟಲ್ಲಿ ಸ್ವಿಫ್ಟ್ ಅನ್ನುವ ಹಕ್ಕಿಯ ಮರಿ ಬಿದ್ದಿತ್ತು. ಕುಡುಗೋಲಿನ ಥರ ರೆಕ್ಕೆ, ಕಾಲು ಇದೆಯೋ ಇಲ್ಲವೋ ಅನ್ನುವಷ್ಟು ಚಿಕ್ಕದು. ತಾಯಿ ಬರುತ್ತೆ ಅಂತ ಇಡೀ ಮಧ್ಯಾಹ್ನ ಬಿಟ್ಟೆವು. ಬರಲಿಲ್ಲ.

ಕುಕ್ಕರಹಳ್ಳಿ ಏರಿ | 11:40

ಸರಿಯಾಗಿ ಹೇಳಿದಿರಿ. ಸ್ವಿಫ್ಟ್ ನೆಲಕ್ಕೆ ಇಳಿಯುವ ಹಕ್ಕಿಯೇ ಅಲ್ಲ. ಅದು ನೆಲದಲ್ಲಿ ಸಿಕ್ಕರೆ ಮರಿಯಾಗಲಿ ದೊಡ್ಡದಾಗಲಿ ತೊಂದರೆಯಲ್ಲಿದೆ ಅಂತಲೇ ಲೆಕ್ಕ, ಡಬ್ಬಕ್ಕೆ ಹಾಕಿ ಫೋನ್ ಮಾಡಬೇಕು. ಗೂಬೆಮರಿ ಇನ್ನೊಂದು ಥರ. ಹಗಲಿಡೀ ಯಾರೂ ಬರಲಿಲ್ಲ ಅಂತ ಎತ್ತಿಕೊಂಡು ಹೋಗುತ್ತಾರೆ, ಅದರ ತಾಯಿ ಬರುವುದೇ ಕತ್ತಲಾದ ಮೇಲೆ. ಮನೆ ಮುಂದೆ ಗೂಬೆ ಅಂತ ಕಲ್ಲು ಹೊಡೆಯುವವರಿಂದ ಅಲ್ಲಿವರೆಗೆ ಕಾಪಾಡಿದರೆ ಸಾಕು.

ತೀರ್ಥಹಳ್ಳಿ ತೋಟ | 12:05

ಪಾರಿವಾಳದ ಮರಿ ಬಾಯಿ ತೆರೆಯಲ್ಲ, ಜ್ವರ ಬಂದಿದೆ ಅಂತ ನಮ್ಮ ಮಾವನ ಮಗ ಒಮ್ಮೆ ಫೋನ್ ಮಾಡಿದ್ದ. ಅದು ತೆರೆಯೋದೇ ಇಲ್ಲ ಮಾರಾಯ, ತಾಯಿ ಬಾಯೊಳಗೆ ತಾನೇ ಕೊಕ್ಕು ತೂರಿಸಿ ತಿನ್ನುತ್ತೆ ಅಂದೆ.

ಮಲ್ಲಿಗೆಚಪ್ಪರ | ಗುರುವಾರ ಬೆಳಿಗ್ಗೆ 6:58

ಕುಕ್ಕರಹಳ್ಳಿ ಸರ್, ನೀವು ಹೇಳಿದ ಹಾಗೇ ಆಯಿತು. ಒಂದು ಮರಿ ತುಳಸಿಕಟ್ಟೆ ಹಿಂದೆ ನೆಲದಲ್ಲಿ ಕೂತಿದೆ. ಜುಟ್ಟು ಚೂರೇ ಚೂರು ಎದ್ದಿದೆ. ಆದರೆ ಕೆನ್ನೆಯಲ್ಲಿ ಕೆಂಪು ಇಲ್ಲ, ಬಾಲದ ಕೆಳಗೂ ಕೆಂಪಲ್ಲ, ಕಿತ್ತಳೆ ಥರ. ನಮ್ಮ ಮರಿಯೇ ತಾನೇ? ಇನ್ನೊಂದು ಕರಟದ ಅಂಚಲ್ಲಿದೆ. ಎತ್ತಿ ಇಡಬೇಕು ಅಂತ ಕೈ ತುರಿಸ್ತಿದೆ.

ಕುಕ್ಕರಹಳ್ಳಿ ಏರಿ | 7:04

ನಿಮ್ಮದೇ. ಕೆನ್ನೆಯ ಕೆಂಪು ದೊಡ್ಡದಾದ ಮೇಲೆ ಬರುತ್ತೆ. ಕೈ ಕಟ್ಟಿಕೊಂಡು ಕೂರಿ. ಎತ್ತಿ ಕರಟಕ್ಕೆ ಹಾಕಿದರೆ ಮತ್ತೆ ಧುಮುಕುತ್ತೆ. ಬೆಕ್ಕು ಬರುವ ಹಾಗಿದ್ದರೆ ಮಾತ್ರ ಎತ್ತಿ ಹತ್ತಿರದ ಗಿಡದ ದಟ್ಟ ಕೊಂಬೆ ಮೇಲೆ ಬಿಡಿ, ಅಷ್ಟೇ.

ಮಲ್ಲಿಗೆಚಪ್ಪರ | 7:30

ಆಂಟಿ ಹತ್ತಿರ ಮಾತಾಡಿದೆ. ಬೆಕ್ಕು ಎರಡು ದಿನ ಒಳಗೇ ಇರುತ್ತಂತೆ. ಒಂದು ಬೆಕ್ಕು ಮಾತ್ರ. ಇನ್ನೊಂದು ಅವರದ್ದಲ್ಲವಂತೆ, ಯಾರದ್ದೋ.

ಮಲ್ಲಿಗೆಚಪ್ಪರ | ಶನಿವಾರ ಸಂಜೆ 5:20

ಒಂದು ಮರಿ ನುಗ್ಗೆ ಮರದಲ್ಲಿದೆ. ಕೊಂಬೆಯಿಂದ ಕೊಂಬೆಗೆ ಹಾರುತ್ತೆ, ಇಳಿಯುವಾಗ ಮುಗ್ಗರಿಸುತ್ತೆ. ಅಪ್ಪ ಅಮ್ಮ ಈಗಲೂ ತಂದು ತಂದು ಕೊಡುತ್ತಿವೆ. ಇನ್ನೊಂದು ನಿನ್ನೆ ಮಧ್ಯಾಹ್ನದಿಂದ ಕಂಡಿಲ್ಲ. ಕಾಂಪೌಂಡ್ ಸುತ್ತ ಹುಡುಕಿದೆ, ಪುಕ್ಕವೂ ಇಲ್ಲ. ಬಿದ್ದದ್ದು ಯಾವುದು, ಉಳಿದದ್ದು ಯಾವುದು ಅಂತ ಮಗ ಕೇಳುತ್ತಿದ್ದಾನೆ. ನನಗೂ ಗುರುತು ಸಿಗಲ್ಲ.

ಕರಟ ಬಿಚ್ಚಿಬಿಡಲಾ? ಅವನಿಗೆ ಶೂ ಡಬ್ಬವೂ ವಾಪಸ್ ಬೇಕಂತೆ, ಗೋಲಿ ಹಾಕಿಡೋಕೆ.

ದನದ ಡಾಕ್ಟ್ರು | 5:41

ಡಬ್ಬ ಕೊಡಬೇಡಿ, ಬಿಸಾಕಿ. ಹಳೇ ಗೂಡಲ್ಲಿ ಉಣ್ಣಿಯಂಥ ಸಣ್ಣ ಹುಳ ಇರುತ್ತವೆ, ಬಿಚ್ಚುವುದಾದರೆ ಕೈಗೆ ಕವರ್ ಹಾಕಿಕೊಂಡು ಬಿಚ್ಚಿ, ಸೋಪಲ್ಲಿ ಕೈ ತೊಳೆಯಿರಿ. ಒಂದು ವಾರ ಬಿಟ್ಟು ಮಾಡಿದರೂ ನಡೆಯುತ್ತದೆ.

ಕುಕ್ಕರಹಳ್ಳಿ ಏರಿ | 5:50

ಕಾಣದ ಮರಿ ಪಕ್ಕದ ಸೈಟಿನ ಪೊದೆಯಲ್ಲೂ ಇರಬಹುದು. ಒಂದನ್ನು ಅಪ್ಪ, ಇನ್ನೊಂದನ್ನು ಅಮ್ಮ ಬೇರೆ ಬೇರೆ ಕಡೆ ಕರೆದುಕೊಂಡು ಹೋಗಿ ಸಾಕುವುದೂ ಉಂಟು. ಇಲ್ಲದೆಯೂ ಇರಬಹುದು. ನಾಳೆ ಬೆಳಿಗ್ಗೆ ಆರು ಗಂಟೆಗೆ ಆ ಕಡೆ ಕಿವಿಗೊಟ್ಟು ನೋಡಿ, ಆಗ ಹಸಿವು ಜಾಸ್ತಿ, ಕೂಗುತ್ತವೆ.

ಮಲ್ಲಿಗೆಚಪ್ಪರ | ಭಾನುವಾರ ಬೆಳಿಗ್ಗೆ 6:25

ಸೈಟಿನ ಕಡೆಯಿಂದ ಚೀಂ ಚೀಂ ಕೇಳಿಸಿತು. ಅದೇನಾ, ಬೇರೆ ಹಕ್ಕಿನಾ ಗೊತ್ತಿಲ್ಲ. ಅತ್ತೆ ಅದೇ ಅಂತಿದ್ದಾರೆ. ನಾಲ್ಕು ವಾರ ಬಿಟ್ಟ ಮೊಗ್ಗೆಲ್ಲ ಬಳ್ಳಿಯಲ್ಲೇ ಅರಳಿ ಉದುರಿದೆ. ಇವತ್ತಿನಿಂದ ಬಿಡಿಸ್ತಾರಂತೆ, ಕರಟ ಇರುವ ಮೂಲೆ ಒಂದು ಬಿಟ್ಟು.